ಎಲಿಂಗ್‌ಟನ್ ಅಟ್ ನ್ಯೂಪೋರ್ಟ್: ಹಳೇ ಎಲ್‌ಪಿ ಕೇಳಬೇಕಾ, 1999ರ ಪೂರ್ತಿ ಸಿಡಿ ಕೇಳಬೇಕಾ?

ಮಧ್ಯಮಕಾಲ (ಚರ್ಚೆ ಶುರು ಮಾಡಿದವರು)

ಅಮೆರಿಕದ ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್‌ಟನ್ ಬ್ಯಾಂಡಿನ 1956ರ ನ್ಯೂಪೋರ್ಟ್ ಕಛೇರಿ ಬಗ್ಗೆ ಇಲ್ಲಿ ಯಾರಾದರೂ ಬರೆದಿದ್ದಾರಾ ಅಂತ ಹುಡುಕಿದೆ. ಅಲ್ಲೊಂದು ಇಲ್ಲೊಂದು ಮಾತು ಬಿಟ್ಟರೆ ಏನೂ ಸಿಗಲಿಲ್ಲ. ಅದಕ್ಕೆ ನಾನೇ ಶುರು ಮಾಡುತ್ತಿದ್ದೇನೆ.

ಆಪ್‌ಗಳಲ್ಲಿ ಹುಡುಕಿದರೆ ಈ ಹೆಸರಿನಲ್ಲಿ ಎರಡು ಆಲ್ಬಂ ಬರುತ್ತವೆ. ಒಂದು, 1956ರಲ್ಲಿ ಕೊಲಂಬಿಯಾ ಕಂಪನಿ ತಂದ 'ಎಲಿಂಗ್‌ಟನ್ ಅಟ್ ನ್ಯೂಪೋರ್ಟ್'. ಅದು ಎಲ್‌ಪಿ, ಅಂದರೆ ಎರಡು ಬದಿಯ ದೊಡ್ಡ ರೆಕಾರ್ಡು ತಟ್ಟೆ. ಅದರಲ್ಲಿ ಐದೇ ಟ್ರ್ಯಾಕ್. ಇನ್ನೊಂದು, 1999ರಲ್ಲಿ ಬಂದ ಎರಡು ಸಿಡಿಯ 'ಕಂಪ್ಲೀಟ್'. ಇದರಲ್ಲಿ ಆ ರಾತ್ರಿಯ ಕಛೇರಿ ಪೂರ್ತಿ ಇದೆ. ನಡುವೆ ಡ್ಯೂಕ್ ಆಡಿದ ಮಾತು, ಜನರ ಗಲಾಟೆ, ಅಮೆರಿಕದ ರಾಷ್ಟ್ರಗೀತೆ ಎಲ್ಲ ಇದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಕೇಳುವವರಿಗೆ ಎರಡನೆಯದನ್ನೇ ಕೊಡಬೇಕು. ಹಳೆಯದನ್ನು ಲೈವ್ ಅಂತ ಮಾರಿದರು, ಆದರೆ ಅದರ ಒಂದು ಇಡೀ ಬದಿಯಲ್ಲಿ ಸ್ಟುಡಿಯೋದಲ್ಲಿ ನುಡಿಸಿದ್ದೇ ಜಾಸ್ತಿ. ಕಛೇರಿ ಆಗಿದ್ದು ಜುಲೈ 7, ಶನಿವಾರ ರಾತ್ರಿ. ಸೋಮವಾರ, ಅಂದರೆ 9ನೇ ತಾರೀಕು, ಬ್ಯಾಂಡನ್ನು ನ್ಯೂಯಾರ್ಕಿನ ಸ್ಟುಡಿಯೋಗೆ ಕರೆಸಿ ಮತ್ತೆ ನುಡಿಸಿದರು. ಅದಕ್ಕೆ ಚಪ್ಪಾಳೆ ಸೇರಿಸಿದರು. ಜನ 40 ವರ್ಷಕ್ಕೂ ಹೆಚ್ಚು ಕಾಲ ಅದನ್ನೇ ಕಛೇರಿ ಅಂದುಕೊಂಡು ಕೇಳಿದರು.

ಏನಂತೀರಿ?

ಎಲ್‌ಪಿ ಮಾವ

ಮೋಸ ಅನ್ನುವ ಧಾಟಿಯಲ್ಲಿ ಬರೆದಿದ್ದೀರಿ. ಅಷ್ಟು ಸಲೀಸಾಗಿ ತೀರ್ಪು ಕೊಡಬೇಡಿ ಸರ್.

ಸೋಮವಾರ ಮತ್ತೆ ನುಡಿಸಿದ್ದು ಮುಖ್ಯವಾಗಿ ಯಾವುದನ್ನು? 'ನ್ಯೂಪೋರ್ಟ್ ಜಾಝ್ ಫೆಸ್ಟಿವಲ್ ಸೂಟ್'. ಡ್ಯೂಕ್ ಮತ್ತು ಬಿಲ್ಲಿ ಸ್ಟ್ರೇಹಾರ್ನ್ ಇಬ್ಬರೂ ಸೇರಿ ಆ ಉತ್ಸವಕ್ಕೆಂದೇ ಹೊಸದಾಗಿ ಬರೆದ ಮೂರು ಭಾಗದ ಕೃತಿ ಅದು. ಬ್ಯಾಂಡಿಗೆ ಅಭ್ಯಾಸ ಸಾಲದಾಗಿತ್ತು. ವೇದಿಕೆ ಮೇಲೆ ಅಲ್ಲಲ್ಲಿ ಎಡವಿದರು. ಡ್ಯೂಕ್‌ಗೆ ಸಮಾಧಾನ ಆಗಲಿಲ್ಲ. ನಿರ್ಮಾಪಕ ಜಾರ್ಜ್ ಅವಾಕಿಯನ್ ಸ್ಟುಡಿಯೋ ಗೊತ್ತು ಮಾಡಿದರು. ತಾನು ಬರೆದ ಹೊಸ ಕೃತಿ ತಪ್ಪುತಪ್ಪಾಗಿ ಲೋಕಕ್ಕೆ ಹೋಗಬಾರದು ಅಂತ ಅದನ್ನು ಬರೆದವನು ಅಂದುಕೊಂಡರೆ ತಪ್ಪೇನು?

ಎರಡನೇ ಬದಿಯಲ್ಲಿರುವ 'ಡಿಮಿನ್ಯುಎಂಡೋ ಅಂಡ್ ಕ್ರೆಸೆಂಡೋ ಇನ್ ಬ್ಲೂ' ಇದೆಯಲ್ಲ, ಎಲ್ಲರೂ ಈ ಆಲ್ಬಂ ಕೊಳ್ಳುವುದೇ ಅದಕ್ಕೆ. ಅದು ಹಳೇ ಎಲ್‌ಪಿಯಲ್ಲೂ ಆ ರಾತ್ರಿಯದ್ದೇ. ಅದರಲ್ಲಿ ಬ್ಯಾಂಡಿನ ಟೆನರ್ ಸ್ಯಾಕ್ಸೋಫೋನ್ ವಾದಕ ಪಾಲ್ ಗೊನ್ಸಾಲ್ವಿಸ್ ಒಬ್ಬರೇ ನುಡಿಸುವ ಸೋಲೋ ಆ ರಾತ್ರಿಯದ್ದೇ. ಅದನ್ನು ಯಾರೂ ಸ್ಟುಡಿಯೋದಲ್ಲಿ ಮತ್ತೆ ನುಡಿಸಿ ಅಂಟಿಸಲಿಲ್ಲ.

ಮಧ್ಯಮಕಾಲ

ಮತ್ತೆ ನುಡಿಸಿದ್ದಕ್ಕೆ ನನ್ನ ತಕರಾರಿಲ್ಲ ಮಾವ. ಕವರ್ ಮೇಲೆ ಹೇಳಬೇಕಿತ್ತು. ಮೇಲಿಂದ ಚಪ್ಪಾಳೆ ಬೇರೆ ಸೇರಿಸಿದ್ದಾರೆ. ಅದಕ್ಕೆ ಏನು ಸಮಜಾಯಿಷಿ?

ಎಲ್‌ಪಿ ಮಾವ

ಚಪ್ಪಾಳೆ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅದು ಬೇಡವಾಗಿತ್ತು.

ಬೆಳ್ಳಿ ಚುಕ್ಕಿ

ನಾನು ಜಾಝ್‌ಗೆ ಹೊಸಬಳು. ದಯವಿಟ್ಟು ಯಾರಾದರೂ ಮೊದಲಿಂದ ಹೇಳುತ್ತೀರಾ? ಆ ರಾತ್ರಿ ಅಂಥದ್ದೇನಾಯಿತು? ಎಲ್ಲಿ ಓದಿದರೂ '27 ಕೋರಸ್', '27 ಕೋರಸ್' ಅಂತಾರೆ. ಕೋರಸ್ ಅಂದರೆ ಗುಂಪಿನಲ್ಲಿ ಹಾಡುವುದಲ್ಲವಾ?

ಮಧ್ಯಮಕಾಲ

ಖಂಡಿತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿಕೊಳ್ಳಿ.

ಮೊದಲು ಹಿನ್ನೆಲೆ. 1950ರ ದಶಕದ ನಡುವಿಗೆ ದೊಡ್ಡ ಬ್ಯಾಂಡುಗಳ ಕಾಲ ಮುಗಿದಿತ್ತು. ಹದಿನೈದು ಜನಕ್ಕೆ ಸಂಬಳ ಕೊಟ್ಟು ಊರೂರು ಸುತ್ತುವುದು ಯಾರಿಗೂ ಗಿಟ್ಟುತ್ತಿರಲಿಲ್ಲ. ಹಲವರು ಬ್ಯಾಂಡ್ ಮುಚ್ಚಿದರು. ಡ್ಯೂಕ್ ಮುಚ್ಚಲಿಲ್ಲ. ತಮ್ಮ ಹಾಡುಗಳಿಂದ ಬರುವ ರಾಯಲ್ಟಿ ಹಾಕಿ ನಡೆಸಿದರು ಅಂತ ಹೇಳುತ್ತಾರೆ. ಅವರ ಬಲಗೈಯಂತಿದ್ದ ಆಲ್ಟೋ ಸ್ಯಾಕ್ಸೋಫೋನಿನ ಜಾನಿ ಹಾಜಸ್ 1951ರಲ್ಲಿ ಬಿಟ್ಟು ಹೋಗಿದ್ದರು, 1955ರಲ್ಲಿ ವಾಪಸ್ ಬಂದರು. ಅದೇ 1955ರ ಬೇಸಿಗೆಯಲ್ಲಿ ಬ್ಯಾಂಡಿಗೆ ಸಿಕ್ಕ ಕೆಲಸ ಏನು ಗೊತ್ತಾ? ನ್ಯೂಯಾರ್ಕಿನಲ್ಲಿ ನಡೆಯುತ್ತಿದ್ದ ಒಂದು ಜಲಕ್ರೀಡೆ ಪ್ರದರ್ಶನಕ್ಕೆ ಹಿನ್ನೆಲೆ ನುಡಿಸುವುದು. ಡ್ಯೂಕ್ ಎಲಿಂಗ್‌ಟನ್ ಅಂಥವರಿಗೆ!

ಹೀಗಿರುವಾಗ ನ್ಯೂಪೋರ್ಟ್ ಕರೆ ಬಂತು. ರೋಡ್ ಐಲೆಂಡ್ ರಾಜ್ಯದ ಸಮುದ್ರದಂಡೆಯ ಊರು, ಶ್ರೀಮಂತರು ಬೇಸಿಗೆ ಕಳೆಯುವ ಜಾಗ. ಜಾರ್ಜ್ ವೀನ್ 1954ರಲ್ಲಿ ಅಲ್ಲಿ ಜಾಝ್ ಉತ್ಸವ ಶುರು ಮಾಡಿದ್ದರು. 1956ರದ್ದು ಮೂರನೆಯದು. ಜಾಗ ಫ್ರೀಬಾಡಿ ಪಾರ್ಕ್, ಬಯಲು.

ಸಂಜೆ ಡ್ಯೂಕ್ ಬ್ಯಾಂಡೇ ಮೊದಲು ವೇದಿಕೆ ಹತ್ತಿತು. ನಾಲ್ಕು ಜನ ವಾದಕರು ಇನ್ನೂ ಬಂದಿರಲಿಲ್ಲ. ಒಂದೆರಡು ನುಡಿಸಿ ಇಳಿದರು. ಆಮೇಲೆ ಬೇರೆ ಬೇರೆ ತಂಡಗಳು. ಇವರನ್ನು ಮತ್ತೆ ಕರೆಯುವಾಗ ನಡುರಾತ್ರಿ ಹತ್ತಿರ ಬಂದಿತ್ತು. ಡ್ಯೂಕ್‌ಗೆ ಸಿಟ್ಟು ಬಂದಿತ್ತು, ನಮ್ಮನ್ನೇನು ಸರ್ಕಸ್ಸಿನವರು ಅಂದುಕೊಂಡಿರಾ ಅನ್ನುವ ರೀತಿ ಗೊಣಗಿದರಂತೆ. ಜನ ಎದ್ದು ಹೊರಡುತ್ತಿದ್ದರು. ಹೊಸ ಸೂಟ್ ನುಡಿಸಿದರು, ಚಪ್ಪಾಳೆ ಬಂತು, ಅಷ್ಟೇ. ಇನ್ನೂ ಎರಡು ಆಯಿತು.

ಆಗ ಡ್ಯೂಕ್ ಒಂದು ಹಳೇ ಸರಕು ತೆಗೆದರು. 1937ರಲ್ಲಿ ಬರೆದದ್ದು. ಆಗ 78 ವೇಗದ ತಟ್ಟೆಯ ಎರಡು ಬದಿಗೆ ಎರಡು ಭಾಗ, ಒಂದರಲ್ಲಿ ಸದ್ದು ಇಳಿಯುತ್ತಾ ಹೋಗುತ್ತದೆ, ಇನ್ನೊಂದರಲ್ಲಿ ಏರುತ್ತಾ ಹೋಗುತ್ತದೆ. ಈ ಎರಡರ ನಡುವೆ ಸೇತುವೆ ಥರ ಟೆನರ್ ಸ್ಯಾಕ್ಸೋಫೋನ್ ಸೋಲೋ ಇಡುವ ಪ್ರಯೋಗವನ್ನು ಗೊನ್ಸಾಲ್ವಿಸ್ ಜೊತೆ ಮೊದಲೇ ಬೇರೆ ಕಡೆ ಮಾಡಿದ್ದರು. ಅವತ್ತು ಗೊನ್ಸಾಲ್ವಿಸ್ ಎದ್ದು ನಿಂತು ನುಡಿಸಲು ಶುರು ಮಾಡಿದರು. ನಿಲ್ಲಿಸಲೇ ಇಲ್ಲ. ಹಿಂದೆ ಡ್ರಮ್ಸ್, ಬೇಸ್, ಆಗಾಗ ಡ್ಯೂಕ್ ಪಿಯಾನೋ. ಉಳಿದವರೆಲ್ಲ ಸುಮ್ಮನೆ ಕೂತು ಕೂಗಿ ಹುರಿದುಂಬಿಸುತ್ತಿದ್ದರು. ಆರೇಳು ಸುತ್ತು ಆಗುವ ಹೊತ್ತಿಗೆ ಮುಂದಿನ ಸಾಲಿನಲ್ಲಿ ಕಪ್ಪು ಉಡುಪಿನ ಒಬ್ಬ ಹೆಂಗಸು ಎದ್ದು ಕುಣಿಯಲು ಶುರು ಮಾಡಿದಳು. ಹೊರಟವರು ವಾಪಸ್ ಬಂದರು. ಕುರ್ಚಿ ಮೇಲೆ ಹತ್ತಿ ನಿಂತರು. ಗಲಾಟೆ ಕೈಮೀರುತ್ತದೆ ಅಂತ ಜಾರ್ಜ್ ವೀನ್ ಹೆದರಿ ಸಾಕು ನಿಲ್ಲಿಸಿ ಅಂತ ಸನ್ನೆ ಮಾಡಿದರು. ಡ್ಯೂಕ್ ಕೇಳಲಿಲ್ಲ.

ಮುಂದಿನ ತಿಂಗಳು, ಆಗಸ್ಟ್ 20ರ ಟೈಮ್ ಪತ್ರಿಕೆ ಮುಖಪುಟದಲ್ಲಿ ಡ್ಯೂಕ್ ಇದ್ದರು. ಈ ಎಲ್‌ಪಿ ಅವರ ಎಲ್ಲ ಎಲ್‌ಪಿಗಳಿಗಿಂತ ಜಾಸ್ತಿ ಮಾರಾಟವಾಯಿತು.

ಕೋರಸ್ ಅಂದರೇನು ಅಂತ ತಾಳದವರು ಹೇಳಲಿ. ಖಂಜಿರ ಅವರೇ, ಇದ್ದೀರಾ?

ಖಂಜಿರ

ಇದ್ದೇನೆ, ಇದ್ದೇನೆ.

ಬೆಳ್ಳಿ ಚುಕ್ಕಿ ಮೇಡಂ, ಸುಲಭ. ಈ ಹಾಡು ಬ್ಲೂಸ್. ಬ್ಲೂಸ್‌ನಲ್ಲಿ ಒಂದು ಸುತ್ತಿಗೆ 12 ಬಾರು, ಒಂದೊಂದು ಬಾರಿಗೆ 4 ಎಣಿಕೆ. ಒಟ್ಟು 48. ಆ ಒಂದು ಪೂರ್ತಿ ಸುತ್ತಿಗೆ ಕೋರಸ್ ಅಂತಾರೆ. ಆದಿತಾಳದ ಲೆಕ್ಕದಲ್ಲಿ ಆರು ಆವರ್ತ. ಗೊನ್ಸಾಲ್ವಿಸ್ ನುಡಿಸಿದ್ದು 27 ಸುತ್ತು, ಅಂದರೆ 162 ಆವರ್ತ. ಬಿಡುವಿಲ್ಲದೆ, ಆರು ನಿಮಿಷಕ್ಕೂ ಹೆಚ್ಚು.

ಸುತ್ತು ಎಲ್ಲಿ ಮುಗಿಯಿತು ಅಂತ ಗೊತ್ತಾಗಬೇಕಾದರೆ ಬೇಸ್ ಕೇಳಿ. ಮೊದಲ 4 ಬಾರು ಷಡ್ಜದಲ್ಲೇ ಇರುತ್ತದೆ. ಆಮೇಲೆ 2 ಬಾರು ಮಧ್ಯಮಕ್ಕೆ ಹೋಗುತ್ತದೆ, 2 ಬಾರು ವಾಪಸ್ ಷಡ್ಜ. ಒಂಬತ್ತನೇ ಬಾರಿನಲ್ಲಿ ಪಂಚಮದ ಕಡೆ ಎಳೆಯುತ್ತದೆ. ಕೊನೆಗೆ ಮತ್ತೆ ಷಡ್ಜಕ್ಕೆ ಬಂದು ಕೂರುತ್ತದೆ. ಹೀಗೆ ಎರಡು ಮೂರು ಸುತ್ತು ಬೆರಳೆಣಿಸಿದರೆ ಸಾಕು, ಆಮೇಲೆ ತಾನಾಗಿ ತಿಳಿಯುತ್ತದೆ. ಗಮಕ, ರಾಗ ಹುಡುಕಲು ಹೋಗಬೇಡಿ, ಅದು ಬೇರೆ ಲೋಕ. ಒಂದೇ ಕಟ್ಟಿನೊಳಗೆ ಎಷ್ಟು ಹೊತ್ತು ಕೇಳುವವರನ್ನು ಹಿಡಿದಿಡಬಹುದು, ಅದೇ ಇಲ್ಲಿಯ ಆಟ.

ಇನ್ನೊಂದು ಗಮನಿಸಿ. ಚಪ್ಪಾಳೆ ಎರಡು ಮತ್ತು ನಾಲ್ಕನೇ ಎಣಿಕೆಗೆ ಬೀಳುತ್ತದೆ. ನಾವು ತಾಳ ಹಾಕುವವರಿಗೆ ಕೈ ಮೊದಲ ಎಣಿಕೆಗೇ ಬೀಳುವುದು ರೂಢಿ, ಸ್ವಲ್ಪ ಹೊತ್ತು ತಡವರಿಸುತ್ತೇವೆ.

ಕುಡ್ಲದವಳು

ಒಂದು ಸಂಶಯ ಮಾರಾಯ್ರೆ. ಗೊನ್ಸಾಲ್ವಿಸ್ ಅಂದರೆ ನಮ್ಮ ಕಡೆಯವರ ಹೆಸರಲ್ವಾ? ನಮ್ಮ ಬೀದಿಯಲ್ಲೇ ಎರಡು ಮನೆ ಗೊನ್ಸಾಲ್ವಿಸ್ ಇದ್ದಾರೆ. ಇವರೂ ಮಂಗಳೂರು ಅಥವಾ ಗೋವಾ ಮೂಲದವರಾ?

ಎಲ್‌ಪಿ ಮಾವ

ಅಲ್ಲಮ್ಮ. ಅಪ್ಪ ಅಮ್ಮ ಕೇಪ್ ವರ್ಡಿ ದ್ವೀಪದ ಕಡೆಯವರು. ಪೋರ್ಚುಗೀಸರು ಗೋವಾ ಆಳಿದ ಹಾಗೆ ಅದನ್ನೂ ಆಳುತ್ತಿದ್ದರು, ಹೆಸರು ಎರಡೂ ಕಡೆ ಉಳಿಯಿತು. ಪಾಲ್ ಹುಟ್ಟಿದ್ದು 1920ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ಕೌಂಟ್ ಬೇಸಿ, ಡಿಜ್ಜಿ ಗಿಲೆಸ್ಪಿ ಬ್ಯಾಂಡುಗಳಲ್ಲಿದ್ದು, 1950ರಲ್ಲಿ ಡ್ಯೂಕ್ ಹತ್ತಿರ ಬಂದರು. ಸಾಯುವ ತನಕ ಅಲ್ಲೇ ಇದ್ದರು. 1974ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಅದೇ ತಿಂಗಳು 24ಕ್ಕೆ ಡ್ಯೂಕ್ ಕೂಡ ಹೋದರು.

ಗೋವಾದ ಗೊನ್ಸಾಲ್ವಿಸ್ ಬೇಕಾದರೆ ಬ್ರಾಝ್ ಗೊನ್ಸಾಲ್ವಿಸ್ ಇದ್ದಾರೆ. ಅವರೂ ಸ್ಯಾಕ್ಸೋಫೋನ್ ವಾದಕರೇ.

ಕುಡ್ಲದವಳು

ಆಗಲಿ, ಸ್ಯಾಕ್ಸೋಫೋನ್ ವಿಷಯಕ್ಕೆ ನಮ್ಮೂರಿಗೆ ಕದ್ರಿ ಗೋಪಾಲನಾಥ್ ಒಬ್ಬರೇ ಸಾಕು 🙂 ಅವರೂ ಜಾಝ್‌ನವರ ಜೊತೆ ನುಡಿಸಿದ್ದರು. 1980ರ ಮುಂಬೈ ಜಾಝ್ ಉತ್ಸವದಲ್ಲಿ ಜಾನ್ ಹ್ಯಾಂಡಿ ಜೊತೆ, ಆಮೇಲೆ ರುದ್ರೇಶ್ ಮಹಾಂತಪ್ಪ ಜೊತೆ 'ಕಿನ್ಸ್‌ಮೆನ್' ಆಲ್ಬಂ.

ಒಗ್ಗರಣೆ

ಎಲ್ಲರೂ ಹೊಗಳುತ್ತಿದ್ದೀರಿ, ಒಬ್ಬ ತಕರಾರಿನವನೂ ಇರಲಿ.

ಆ ಸೋಲೋ ನನಗೆ ಬೋರು. ಹೌದು, ಬರೆದೇ ಬಿಟ್ಟೆ. ಹಳೇ ಎಲ್‌ಪಿಯಲ್ಲೂ ಕೇಳಿದ್ದೇನೆ, 1999ರದ್ದರಲ್ಲೂ ಕೇಳಿದ್ದೇನೆ. 27 ಸುತ್ತಿನಲ್ಲಿ ನೆನಪಿಟ್ಟುಕೊಂಡು ಗುನುಗುವಂಥ ಒಂದು ಸಾಲು ಹೇಳಿ ನೋಡೋಣ. ಹತ್ತು ಸುತ್ತು ಆದ ಮೇಲೆ ಅದೇ ಅದೇ ಸಣ್ಣ ತುಣುಕು ತಿರುಗಿಸುತ್ತಾರೆ. ಇದೇ ಹಾಡನ್ನು ಚಪ್ಪಾಳೆ ಇಲ್ಲದೆ, ಕೂಗಾಟ ಇಲ್ಲದೆ, ಸ್ಟುಡಿಯೋದಲ್ಲಿ ನುಡಿಸಿದ್ದರೆ ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ. ನಾವು ಹೊಗಳುತ್ತಿರುವುದು ಜನರ ಗಲಾಟೆಯನ್ನು.

ಅದೇ ಗೊನ್ಸಾಲ್ವಿಸ್ ನಿಧಾನದ ಹಾಡು ನುಡಿಸಿದಾಗ ಕೇಳಿ. ಉಸಿರು ಬೆರೆತ, ಮೆತ್ತನೆ ನಾದ. ಅದು ಅವರ ನಿಜವಾದ ಶಕ್ತಿ. ಪಾಪ, ನ್ಯೂಪೋರ್ಟ್ ಆದ ಮೇಲೆ ಹೋದಲ್ಲೆಲ್ಲ ಜನ ಇದನ್ನೇ ಕೇಳುತ್ತಿದ್ದರು.

ಧಾರವಾಡದಾಂವ

ಒಗ್ಗರಣೆಯವರ, ಜನರ ಗಲಾಟೆ ಬ್ಯಾರೆ, ಸಂಗೀತ ಬ್ಯಾರೆ ಅಂತ ಹ್ಯಾಂಗ ಕತ್ತರಿಸ್ತೀರಿ? ನಮ್ಮ ಕಡೆ ಬೈಠಕ್‌ನ್ಯಾಗ ಮುಂದ ಕೂತಾವ ಒಮ್ಮೆ 'ವಾಹ್' ಅಂದ್ರ ಹಾಡಾವ್ರು ಇನ್ನೊಂದು ತಾನ ಜಾಸ್ತಿ ತಗೋತಾರ. ಆ ವಾಹ್ ತೆಗದ್ರ ಆ ತಾನನೂ ಇರಂಗಿಲ್ಲ.

ಒಗ್ಗರಣೆ

ಒಪ್ಪಿದೆ. ಆದರೆ ತಾನ ಚೆನ್ನಾಗಿದೆಯಾ ಅಂತ ಕೇಳುವ ಹಕ್ಕು ನನಗಿದೆ ಅಲ್ವಾ?

ಖಂಜಿರ

ಇದೆ, ಇದೆ. ಒಂದು ಮಟ್ಟಿಗೆ ನೀವು ಹೇಳಿದ್ದು ಸರಿ ಕೂಡ. ಸಾಲು ಸಾಲಾಗಿ ಬಿಡಿಸಿ ನೋಡಿದರೆ ಅಲ್ಲಿ ದೊಡ್ಡ ಕಟ್ಟಡ ಏನಿಲ್ಲ. ಆದರೆ ನೀವು ಕಿವಿ ಇಟ್ಟಿರುವುದು ಸ್ಯಾಕ್ಸೋಫೋನ್ ಮೇಲೆ. ನಾನು ಇಟ್ಟಿರುವುದು ಪಕ್ಕವಾದ್ಯದ ಮೇಲೆ.

ಡ್ರಮ್ಸ್ ಸ್ಯಾಮ್ ವುಡ್‌ಯಾರ್ಡ್, ಬೇಸ್ ಜಿಮ್ಮಿ ವುಡ್. ವುಡ್‌ಯಾರ್ಡ್ ಬ್ಯಾಂಡ್ ಸೇರಿ ಒಂದು ವರ್ಷ ಆಗಿತ್ತಷ್ಟೇ. ಅವರು ಆ ಆರೇಳು ನಿಮಿಷದಲ್ಲಿ ಏನು ಮಾಡುತ್ತಾರೆ ಕೇಳಿ. ಕಾಲಪ್ರಮಾಣ ಒಂದಿಷ್ಟೂ ಓಡುವುದಿಲ್ಲ. ಅಷ್ಟು ಜನ ಕೂಗುತ್ತಿದ್ದಾಗ, ಮುಂದೆ ಹೆಂಗಸು ಕುಣಿಯುತ್ತಿದ್ದಾಗ, ಯಾವ ಡ್ರಮ್ಸ್‌ನವರಿಗಾದರೂ ವೇಗ ಏರಿಸುವ ಆಸೆ ಬರುತ್ತದೆ. ವುಡ್‌ಯಾರ್ಡ್ ಏರಿಸುವುದಿಲ್ಲ. ಎರಡು ಮತ್ತು ನಾಲ್ಕರ ಪೆಟ್ಟು ಮಾತ್ರ ಗಟ್ಟಿಯಾಗುತ್ತಾ ಬರುತ್ತದೆ. ನಮ್ಮಲ್ಲಿ ಕಛೇರಿ ಕೊನೆಗೆ ಕಾಲ ಓಡಿಸಿ ಚಪ್ಪಾಳೆ ಗಿಟ್ಟಿಸುವವರಿಗೆಲ್ಲ ಇದನ್ನು ಕೇಳಿಸಬೇಕು.

ಇನ್ನು ಜೋ ಜೋನ್ಸ್. ಕೌಂಟ್ ಬೇಸಿ ಬ್ಯಾಂಡಿನ ಹಳೇ ಡ್ರಮ್ಸ್ ವಾದಕ. ಅವತ್ತು ಬೇರೆ ತಂಡದ ಜೊತೆ ನುಡಿಸಲು ಬಂದಿದ್ದರು. ವೇದಿಕೆ ಅಂಚಿನಲ್ಲಿ ನಿಂತು ಸುತ್ತಿದ ಪೇಪರಿನಿಂದ ತಾಳ ಬಡಿಯುತ್ತಿದ್ದರು. ಬ್ಯಾಂಡಿನವರಿಗೆ ಆ ಪೇಪರಿನ ಪೆಟ್ಟೇ ಹುರುಪು ಕೊಟ್ಟಿತು ಅನ್ನುವವರಿದ್ದಾರೆ. ಬೇರೆ ತಂಡದ ಹಿರಿಯ ವಾದಕ ಬಂದು ನಿಂತು ತಾಳ ಹಾಕಿದರೆ ಯಾವ ಕಲಾವಿದನಿಗೆ ಖುಷಿಯಾಗುವುದಿಲ್ಲ ಹೇಳಿ?

ಅಲ್ಲದೆ, ಏಳನೇ ಸುತ್ತಿನಿಂದ ಇಪ್ಪತ್ತೇಳರವರೆಗೆ ಜನರ ಸದ್ದು ಒಂದೇ ಸಮ ಇಲ್ಲ. ಏರುತ್ತದೆ, ಸ್ವಲ್ಪ ಇಳಿಯುತ್ತದೆ, ಮತ್ತೆ ಏರುತ್ತದೆ. ಗೊನ್ಸಾಲ್ವಿಸ್ ತುಣುಕು ತಿರುಗಿಸುವುದು ಬಹುತೇಕ ಅದು ಏರುವ ಕಡೆ. ಬೇರೇನೂ ಬೇಡ, ಇದೇ ಸಾಕು ಅಂತ ಅವರಿಗೆ ತಿಳಿದಿತ್ತು.

ಬೆಳ್ಳಿ ಚುಕ್ಕಿ

ಈಗ ಹಳೆಯದನ್ನು ಹಾಕಿಕೊಂಡು ಕೇಳಿದೆ. ಸ್ಯಾಕ್ಸೋಫೋನ್ ಎಲ್ಲೋ ದೂರದಿಂದ ಬರುತ್ತಿದೆ. ಡ್ರಮ್ಸ್ ಹತ್ತಿರ, ಜನ ಇನ್ನೂ ಹತ್ತಿರ. ಅಷ್ಟು ಮುಖ್ಯವಾದ ವಾದ್ಯವನ್ನು ಯಾಕೆ ಹೀಗೆ ರೆಕಾರ್ಡ್ ಮಾಡಿದರು?

ಮಧ್ಯಮಕಾಲ

ಅದೇ ಈ ಆಲ್ಬಂನ ದೊಡ್ಡ ಕಥೆ.

ವೇದಿಕೆ ಮೇಲೆ ಎರಡು ರೆಕಾರ್ಡಿಂಗ್ ನಡೆಯುತ್ತಿತ್ತು. ಕೊಲಂಬಿಯಾ ಕಂಪನಿಯದು ಒಂದು. ವಾಯ್ಸ್ ಆಫ್ ಅಮೆರಿಕಾ ರೇಡಿಯೋದವರದು ಇನ್ನೊಂದು. ಮುಂದೆ ಎರಡು ಮೈಕ್ ಇದ್ದವು. ಗೊನ್ಸಾಲ್ವಿಸ್ ಎದ್ದು ಬಂದು ರೇಡಿಯೋದವರ ಮೈಕ್ ಮುಂದೆ ನಿಂತುಬಿಟ್ಟರು. ಕೊಲಂಬಿಯಾ ಮೈಕ್‌ಗೆ ಸಿಕ್ಕಿದ್ದು ಪಕ್ಕದಿಂದ ಸೋರಿ ಬಂದ ಸದ್ದು ಅಷ್ಟೇ. ಅವಾಕಿಯನ್ ಅದನ್ನೇ ಆದಷ್ಟು ಎತ್ತಿ ಎಲ್‌ಪಿಗೆ ಹಾಕಿದರು. ಇಡೀ ಆಲ್ಬಂನಲ್ಲಿ ಎಲ್ಲರೂ ಹುಡುಕಿ ಕೇಳುವ ಸೋಲೋ ದೂರದಿಂದ ಕೇಳಿಸುವುದು ಅದಕ್ಕೇ.

ರೇಡಿಯೋದವರ ಟೇಪು ಎಲ್ಲಿದೆ ಅಂತ ಹಲವು ದಶಕ ಯಾರೂ ನೋಡಲಿಲ್ಲ. 1990ರ ದಶಕದಲ್ಲಿ ಅದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಿಕ್ಕಿತು. ಫಿಲ್ ಶಾಪ್ ಅನ್ನುವವರು ಎರಡೂ ಟೇಪು ತಗೊಂಡು ಒಂದಕ್ಕೊಂದು ಹೊಂದಿಸಿದರು. ಎರಡೂ ಮೋನೋ, ಅಂದರೆ ಎಡ ಬಲ ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು. ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಟ್ಟರೆ ಸ್ಟೀರಿಯೋ ಆಯಿತು! ಹೇಳುವಷ್ಟು ಸುಲಭ ಅಲ್ಲ. ಎರಡು ಬೇರೆ ಬೇರೆ ಯಂತ್ರದಲ್ಲಿ ಓಡಿದ ಟೇಪು, ವೇಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ನಿಮಿಷ ಕಳೆದಂತೆ ಒಂದು ಹಿಂದೆ ಬೀಳುತ್ತದೆ, ಪ್ರತಿಧ್ವನಿ ಬರುತ್ತದೆ. ಅದನ್ನೆಲ್ಲ ಸರಿ ಮಾಡಬೇಕು.

1999ರ ಸಿಡಿ ಹಾಕಿ. ಗೊನ್ಸಾಲ್ವಿಸ್ ನಿಮ್ಮ ಮುಂದೆ ಬಂದು ನಿಲ್ಲುತ್ತಾರೆ. ಉಸಿರು ತಗೊಳ್ಳುವ ಜಾಗ ಗೊತ್ತಾಗುತ್ತದೆ. ಡ್ಯೂಕ್ ಹಿಂದಿನಿಂದ ಕೂಗುವುದು ಕೇಳಿಸುತ್ತದೆ. ನಾನು ಮೊದಲ ಪೋಸ್ಟಿನಲ್ಲಿ ಪಟ್ಟು ಹಿಡಿದದ್ದು ಇದಕ್ಕೇ.

ಎಲ್‌ಪಿ ಮಾವ

ಕಥೆ ಸರಿಯಾಗಿದೆ. ಆದರೆ ಇಲ್ಲೇ ನನ್ನ ವಾದ ಶುರುವಾಗುತ್ತದೆ.

ಫ್ರೀಬಾಡಿ ಪಾರ್ಕಿನ ಹಿಂದಿನ ಸಾಲಿನಲ್ಲಿ ಕೂತವನಿಗೆ ಸ್ಯಾಕ್ಸೋಫೋನ್ ಹೇಗೆ ಕೇಳಿಸಿರುತ್ತದೆ? ಉಸಿರಾಟ ಕೇಳಿಸಿರುತ್ತದಾ? ಇಲ್ಲ. ದೂರದಿಂದ, ಜನರ ತಲೆಗಳ ಮೇಲಿಂದ ಕೇಳಿಸಿರುತ್ತದೆ. ಹಳೇ ಎಲ್‌ಪಿ ನನ್ನನ್ನು ಅಲ್ಲಿ ಕೂರಿಸುತ್ತದೆ. ಮುಂದೆ ಏನೋ ಆಗುತ್ತಿದೆ, ಪೂರ್ತಿ ಕಾಣುತ್ತಿಲ್ಲ, ಸುತ್ತ ಜನ ಏಳುತ್ತಿದ್ದಾರೆ, ನಾನೂ ಏಳಬೇಕು. ಹೊಸ ಸಿಡಿ ನನ್ನನ್ನು ವೇದಿಕೆ ಮೇಲೆ ಮೈಕ್ ಪಕ್ಕ ನಿಲ್ಲಿಸುತ್ತದೆ. ಅಲ್ಲಿ ನಿಂತು ಕೇಳಿದವರು ಅವತ್ತು ಬ್ಯಾಂಡಿನವರು ಮಾತ್ರ.

ಹಾಗೆ ನೋಡಿದರೆ, ಮೈಕ್ ತಪ್ಪಿದ್ದರಿಂದ ಜನರ ಕಡೆಯ ರೆಕಾರ್ಡು ಒಂದು ಉಳಿಯಿತು.

ಮಧ್ಯಮಕಾಲ

ಇದು ಒಳ್ಳೇ ಮಾತು ಮಾವ. ಆದರೆ ನೀವು ಹೇಳುವ ಅನುಭವ ಆ ಒಂದು ಟ್ರ್ಯಾಕಿಗೆ ಮಾತ್ರ ಹೊಂದುತ್ತದೆ. ಅದೇ ಎಲ್‌ಪಿಯ ಮೊದಲ ಬದಿ ಬಹುಪಾಲು ಸ್ಟುಡಿಯೋ, ಅಲ್ಲಿ ಕೂತ ಜನ ಯಾರು? ಅಂಟಿಸಿದ ಜನ!

ಇನ್ನೊಂದು. ಪೂರ್ತಿ ಸಿಡಿಯಲ್ಲಿ ಸೋಲೋ ಆದ ಮೇಲಿನದ್ದೂ ಇದೆ. ಹಳೇ ಎಲ್‌ಪಿಯಲ್ಲಿ ಅದರ ಬಹುಪಾಲು ಸಿಗುವುದಿಲ್ಲ. ಹಾಡು ಮುಗಿದ ಕೂಡಲೇ ಒಂದು ಟ್ರ್ಯಾಕಿನ ಹೆಸರಿನಲ್ಲೇ 'ಪ್ಯಾಂಡಮೋನಿಯಮ್' ಅಂತಿದೆ. ಅದರಲ್ಲಿ ಸಂಗೀತ ಇಲ್ಲ, ಬರೀ ಕೂಗಾಟ. ಎರಡನೇ ಸಿಡಿಯಲ್ಲಿ ಇನ್ನೊಂದಕ್ಕೆ 'ರಯಟ್ ಪ್ರಿವೆನ್ಷನ್' ಅಂತ ಹೆಸರು. ಜಾರ್ಜ್ ವೀನ್ ಮುಗಿಸಬೇಕು ಅಂತ ಒದ್ದಾಡುತ್ತಿದ್ದಾರೆ, ಜನ ಬಿಡುತ್ತಿಲ್ಲ, ಡ್ಯೂಕ್ ತಣ್ಣಗೆ ಮಾತಾಡುತ್ತಾರೆ. ಜನರನ್ನು ಸಮಾಧಾನ ಮಾಡಲು ಏನು ಮಾಡಿದರು ನೋಡಿ. ಮೊದಲು ಜಾನಿ ಹಾಜಸ್ ಅವರನ್ನು ಮುಂದೆ ತಂದು ನಿಧಾನದ 'ಐ ಗಾಟ್ ಇಟ್ ಬ್ಯಾಡ್' ನುಡಿಸಿದರು. ಆಮೇಲೆ 'ಜೀಪ್ಸ್ ಬ್ಲೂಸ್'. ಆಮೇಲೆ ರೇ ನ್ಯಾನ್ಸ್ ಹಾಡಿದ ತಮಾಷೆ ಹಾಡು. ಅದಾದ ಮೇಲೆ 'ಸ್ಕಿನ್ ಡೀಪ್', ಪೂರ್ತಿ ಡ್ರಮ್ಸ್! ಬೆಂಕಿ ಆರಿಸಲು ಹೋಗಿ ಎಣ್ಣೆ ಸುರಿದ ಹಾಗೆ. ಕೊನೆಗೆ 'ಮೂಡ್ ಇಂಡಿಗೋ' ನುಡಿಸಿ ಮುಗಿಸಿದರು.

ಕಛೇರಿ ಕಟ್ಟುವುದು ಹೇಗೆ ಅಂತ ತಿಳಿಯಬೇಕಾದರೆ ಈ ಭಾಗ ಕೇಳಬೇಕು. ಸ್ಟುಡಿಯೋದಲ್ಲಿ ಸೋಮವಾರ ನುಡಿಸಿದ್ದೂ ಅದೇ ಎರಡನೇ ಸಿಡಿಯ ಕೊನೆಗಿದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಬಹುದು.

ಒಗ್ಗರಣೆ

ಪಕ್ಕ ಪಕ್ಕ ಇಟ್ಟು ನೋಡಿದ್ದೇನೆ. ಸೂಟ್ ಮಟ್ಟಿಗೆ ಸ್ಟುಡಿಯೋದ್ದೇ ಚೆನ್ನಾಗಿದೆ. ಜಿಮ್ಮಿ ಹ್ಯಾಮಿಲ್ಟನ್ ಕ್ಲಾರಿನೆಟ್ ಹತ್ತಿರದಿಂದ ಕೇಳಿಸುತ್ತದೆ, ಹಿತ್ತಾಳೆ ವಾದ್ಯಗಳು ಒಟ್ಟಿಗೆ ಬೀಳುತ್ತವೆ. ಈ ವಿಷಯದಲ್ಲಿ ನಾನು ಮಾವನ ಪಕ್ಷ.

ಧಾರವಾಡದಾಂವ

ಡ್ಯೂಕ್ ಅವರು ಭಾರತಕ್ಕ ಬಂದಿದ್ರು ಅಂತ ಕೇಳೀನಿ. ಖರೇ ಏನ್ರಿ?

ಎಲ್‌ಪಿ ಮಾವ

ಖರೇ. 1963ರಲ್ಲಿ ಅಮೆರಿಕ ಸರ್ಕಾರವೇ ಕಳಿಸಿತ್ತು. ಶೀತಲ ಸಮರದ ಕಾಲ, ಜಾಝ್ ವಾದಕರನ್ನು ರಾಯಭಾರಿಗಳ ಥರ ದೇಶ ದೇಶಕ್ಕೆ ಕಳಿಸುತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಡಮಾಸ್ಕಸ್‌ನಿಂದ ಶುರುವಾಗಿ ದೆಹಲಿಗೂ ಬಂದರು. ದೆಹಲಿಯಲ್ಲಿ ಡ್ಯೂಕ್‌ಗೆ ಆರೋಗ್ಯ ಕೆಟ್ಟಿತು. ನವೆಂಬರ್‌ನಲ್ಲಿ ಟರ್ಕಿಯ ಅಂಕಾರಾದಲ್ಲಿದ್ದಾಗ ಕೆನೆಡಿ ಹತ್ಯೆ ಸುದ್ದಿ ಬಂತು, ಪ್ರವಾಸ ಅಲ್ಲಿಗೇ ನಿಂತಿತು.

ಆ ಪ್ರವಾಸದ ನೆನಪಿಗೆ ಡ್ಯೂಕ್, ಸ್ಟ್ರೇಹಾರ್ನ್ ಸೇರಿ 'ದಿ ಫಾರ್ ಈಸ್ಟ್ ಸೂಟ್' ಬರೆದರು. 1966ರ ಡಿಸೆಂಬರ್‌ನಲ್ಲಿ ರೆಕಾರ್ಡ್ ಆಯಿತು. ಅದರಲ್ಲಿ 'ಬ್ಲೂಬರ್ಡ್ ಆಫ್ ಡೆಲ್ಲಿ' ಅಂತಿದೆ. ಮೈನಾ ಹಕ್ಕಿಯ ಕೂಗನ್ನು ಕ್ಲಾರಿನೆಟ್‌ನಲ್ಲಿ ಹ್ಯಾಮಿಲ್ಟನ್ ನುಡಿಸುತ್ತಾರೆ. 'ಆಗ್ರಾ' ಅಂತ ಇನ್ನೊಂದು, ಹ್ಯಾರಿ ಕಾರ್ನಿ ಬ್ಯಾರಿಟೋನ್ ಸ್ಯಾಕ್ಸೋಫೋನ್. ಹೆಸರು ಫಾರ್ ಈಸ್ಟ್, ಆದರೆ ಸುತ್ತಿದ್ದು ಮಧ್ಯಪ್ರಾಚ್ಯ ಮತ್ತು ನಮ್ಮ ಕಡೆ. ಇರಲಿ ಬಿಡಿ.

ಒಗ್ಗರಣೆಯವರೇ, ನಿಮ್ಮ ಮೆತ್ತನೆ ಗೊನ್ಸಾಲ್ವಿಸ್ ಬೇಕಾದರೆ ಅದರಲ್ಲೇ 'ಟೂರಿಸ್ಟ್ ಪಾಯಿಂಟ್ ಆಫ್ ವ್ಯೂ', 'ಮೌಂಟ್ ಹ್ಯಾರಿಸ್ಸಾ' ಕೇಳಿ.

ಸಿಂಗಪುರದ ಶೀನ

ತಡವಾಗಿ ಬಂದೆ. ಕೊಳ್ಳುವವರಿಗೆ ಒಂದು ಎಚ್ಚರಿಕೆ. ಸ್ಟೀರಿಯೋ ಅಂತ ಬರೆದ ಹಳೇ ಎಲ್‌ಪಿ ಕಂಡರೆ ಹಿಗ್ಗಬೇಡಿ. ಮೋನೋ ಟೇಪನ್ನೇ ಆಟ ಆಡಿಸಿ ಎರಡು ಸ್ಪೀಕರಿಗೆ ಹಂಚಿದ್ದು ಅದು. ನಾನು ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ ಅಂಥದ್ದೇ ತರಿಸಿಕೊಂಡೆ, ಬಚ್ಚಲುಮನೆಯಲ್ಲಿ ನುಡಿಸಿದ ಹಾಗಿದೆ. ಎಲ್‌ಪಿಯೇ ಬೇಕು ಅಂದರೆ ಮೋನೋ ಹುಡುಕಿ. ನಿಜವಾದ ಸ್ಟೀರಿಯೋ ಬೇಕು ಅಂದರೆ 1999ರದ್ದು.

ಲೈವ್ ವಿಷಯ ಬಂದಿದ್ದಕ್ಕೆ ಬೆಂಗಳೂರಿಗೆ ಸಂಬಂಧಪಟ್ಟ ಒಂದು ಮಾತು. ಚಾರ್ಲಿ ಮಾರಿಯಾನೋ ಎಂಬ ಅಮೆರಿಕದ ಆಲ್ಟೋ ಸ್ಯಾಕ್ಸೋಫೋನ್ ವಾದಕ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ, ಅಂದರೆ ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರ ಜೊತೆ 1983ರಲ್ಲಿ 'ಜ್ಯೋತಿ' ಅಂತ ಆಲ್ಬಂ ಮಾಡಿದ್ದರು. ಆಮೇಲೆ ಲೈವ್ ಆಲ್ಬಂ ಕೂಡ ಬಂತು. ರಮಾಮಣಿ ಅವರ ದನಿ ಮತ್ತು ಸ್ಯಾಕ್ಸೋಫೋನ್ ಒಂದನ್ನೊಂದು ಹಿಂಬಾಲಿಸುವುದು ಕೇಳಲೇಬೇಕು.

ಖಂಜಿರ

ಶೀನಣ್ಣ, ಇದಕ್ಕೆ ಬೇರೆ ಚರ್ಚೆ ಶುರು ಮಾಡಿ. ಇಲ್ಲಿ ಕಳೆದುಹೋಗುತ್ತದೆ. ನನ್ನ ಹತ್ತಿರ ಹೇಳಲು ಬಹಳ ಇದೆ.

ಬೆಳ್ಳಿ ಚುಕ್ಕಿ

1999ರದ್ದು ಕೇಳಿದೆ. ಹೆಡ್‌ಫೋನ್ ಹಾಕಿಕೊಂಡು, ಖಂಜಿರ ಸರ್ ಹೇಳಿದ ಹಾಗೆ ಬೇಸ್ ಹಿಡಿದು ಸುತ್ತು ಎಣಿಸಿದೆ. ಹದಿನೆಂಟರ ತನಕ ಎಣಿಸಿದ್ದೆ, ಆಮೇಲೆ ಬಿಟ್ಟುಬಿಟ್ಟೆ, ಎಣಿಸಲು ಮನಸ್ಸಾಗಲಿಲ್ಲ. ಸೋಲೋ ಮುಗಿದ ಮೇಲೆ ಡ್ಯೂಕ್ ಪಿಯಾನೋ ಬರುತ್ತದಲ್ಲ, ಅಲ್ಲಿ ಒಂಚೂರು ಉಸಿರು ಬಿಟ್ಟೆ. ಆಮೇಲೆ ಇಡೀ ಬ್ಯಾಂಡ್ ಎದ್ದು ಬಂತು. ಕೊನೆಯಲ್ಲಿ ಕಿವಿ ಕಿತ್ತು ಹೋಗುವ ಹಾಗೆ ಮೇಲಿನ ಸ್ವರದಲ್ಲಿ ಒಂದು ಟ್ರಂಪೆಟ್ ಕೂಗುತ್ತದೆ, ಅದು ಯಾರು?

ಎಲ್‌ಪಿ ಮಾವ

ಕ್ಯಾಟ್ ಆಂಡರ್ಸನ್. ಅಷ್ಟು ಮೇಲಕ್ಕೆ ಹೋಗಬೇಕಾದರೆ ಡ್ಯೂಕ್ ಕರೆಯುತ್ತಿದ್ದದ್ದು ಅವರನ್ನೇ.

ಈಗ ನನ್ನ ಸಲುವಾಗಿ ಹಳೆಯದನ್ನೂ ಇನ್ನೊಂದು ಸಲ ಕೇಳಮ್ಮ. ಸ್ಪೀಕರಿನಲ್ಲಿ, ಸ್ವಲ್ಪ ಜೋರಾಗಿ, ಸ್ವಲ್ಪ ದೂರ ಕೂತು.

ಒಗ್ಗರಣೆ

ನಿಮ್ಮೆಲ್ಲರ ಮಾತು ಕೇಳಿ ಮತ್ತೆ ಹಾಕಿದೆ. ಸೋಲೋ ಬಗ್ಗೆ ನನ್ನ ಮಾತು ಬದಲಾಗಿಲ್ಲ. ವುಡ್‌ಯಾರ್ಡ್ ಬಗ್ಗೆ ಖಂಜಿರ ಹೇಳಿದ್ದು ನಿಜ, ಅದಕ್ಕೆ ಪೂರ್ತಿ ಅಂಕ. ಆದರೆ ಆ ರಾತ್ರಿಯ ಅತ್ಯುತ್ತಮ ಐದು ನಿಮಿಷ ಯಾವುದು ಅಂದರೆ ನನಗೆ 'ಜೀಪ್ಸ್ ಬ್ಲೂಸ್'. ಅಷ್ಟು ದೊಡ್ಡ ಗಲಾಟೆ ಆದ ಮೇಲೆ ಜಾನಿ ಹಾಜಸ್ ಬಂದು, ಮುಖದಲ್ಲಿ ಒಂದು ಗೆರೆ ಅಲ್ಲಾಡಿಸದೆ, ಒಂದು ಸ್ವರವನ್ನು ಕೆಳಗಿಂದ ನಿಧಾನಕ್ಕೆ ಜಾರಿಸಿಕೊಂಡು ಮೇಲೆ ತರುತ್ತಾರೆ. ಅವಸರವೇ ಇಲ್ಲ. ಜನ ಅದಕ್ಕೂ ಕೂಗುತ್ತಾರೆ. ಇಷ್ಟು ಪೋಸ್ಟ್ ಆದರೂ ಅದರ ಬಗ್ಗೆ ಹೆಸರು ಹೇಳಿದ್ದು ಬಿಟ್ಟರೆ ಒಬ್ಬರೂ ಬರೆಯಲಿಲ್ಲ.

ಮಧ್ಯಮಕಾಲ

ಬರೆಯಿರಿ, ನೀವೇ ಬರೆಯಿರಿ. ಮುಖದಲ್ಲಿ ಗೆರೆ ಅಲ್ಲಾಡಿಸಲಿಲ್ಲ ಅಂತ ಸಿಡಿಯಲ್ಲಿ 'ಕೇಳಿದ್ದು' ಹೇಗೆ ಅಂತಲೂ ಬರೆಯಿರಿ 🙂